ಕೊಬ್ಬರಿಗೆ ಹತ್ತಿದ ಮಜ್ಜಿಗೆಹುಲ್ಲಿನ ವಾಸನೆ

ಆ ಕಡಸನ್ನು ಮೊದಲು ನೋಡಿದಾಗ ಅದು ತೆಂಗಿನ ಮರಕ್ಕೆ ಕುತ್ತಿಗೆ ಉಜ್ಜಿಕೊಳ್ಳುತ್ತ ನಿಂತಿತ್ತು. ಉಜ್ಜಿ ಉಜ್ಜಿ ಮರದ ಬುಡವೇ ನುಣ್ಣಗಾಗಿತ್ತು. ಕಡಸಿನ ಕುತ್ತಿಗೆ ಮಾತ್ರ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದು, ಮಡಿಕೆ ಬಿದ್ದು, ಒಂದು ಕೂದಲೂ ಇಲ್ಲದೆ ಬೂದಿ ಬಣ್ಣಕ್ಕೆ ತಿರುಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಶೆಟ್ಟಿಕೆರೆ ಕಡೆ ಪಶುವೈದ್ಯನಾಗಿದ್ದೆ. ಸೀಮೆಹಸುವಿನ ತಳಿ ನಮ್ಮ ತೋಟದ ಮನೆಗಳಿಗೆ ಆಗತಾನೇ ಕಾಲಿಡುತ್ತಿತ್ತು. ನಾಟಿ ಹಸುಗಳು ಬಾಲ ಬೀಸಿ ಸಹಿಸಿಕೊಳ್ಳುತ್ತಿದ್ದ ಹುಳಹುಪ್ಪಟೆಯ ಕಾಟವನ್ನು ಈ ಕೆಂಪು ಮೈಯ ಹೊಸ ಕಡಸುಗಳು ತಡೆದುಕೊಳ್ಳುತ್ತಿರಲಿಲ್ಲ.

ಕಡಸು ಆ ಮನೆಯ ಸೊಸೆಯದು. ತವರಿನಲ್ಲಿ ತಾಯಿಹಸು ಸತ್ತು ತಬ್ಬಲಿಯಾದ ಕರುವನ್ನು ಎತ್ತಿಕೊಂಡು ಬಂದು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಕೆಂಪಿ ಎಂದು ಹೆಸರಿಟ್ಟಿದ್ದಳು. ಕರೆದರೆ ತೋಟದ ಆ ತುದಿಯಿಂದ ಓಡಿಬರುತ್ತಿತ್ತಂತೆ. ಈಗ ಅದು ಚೊಚ್ಚಲ ಗಬ್ಬ. ಕಜ್ಜಿ ಕುತ್ತಿಗೆಯಿಂದ ಬೆನ್ನಿಗೆ ಹಬ್ಬಿತ್ತು. ಮೇವು ಬಿಟ್ಟು ದಿನವಿಡೀ ಮೈ ಉಜ್ಜುವುದೇ ಕೆಲಸವಾಗಿತ್ತು. ಹೀಗೇ ಬಿಟ್ಟರೆ ಕರು ಹಾಕುವ ಹೊತ್ತಿಗೆ ಎದ್ದು ನಿಲ್ಲಲೂ ತ್ರಾಣವಿರುವುದಿಲ್ಲ, ಹುಟ್ಟಿದ ಕರುವಿಗೂ ಕಜ್ಜಿ ಅಂಟುತ್ತದೆ ಎಂಬುದು ನೋಡಿದವರಿಗೆಲ್ಲ ಗೊತ್ತಾಗುವಂತಿತ್ತು.

ಅತ್ತೆ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

“ನೋಡಿ ಡಾಕ್ಟ್ರೇ, ನನ್ ಕೈಗೂ ತುರಿಕೆ ಹತ್ಕಂಡೈತೆ. ಸಂತೆಗೆ ಹೊಡ್ದು ಬುಡಾನ ಅಂದ್ರೆ ಎಲ್ಡು ದಿನ ಉಣ್ಲಿಲ್ಲ ಕಣ್ರೀ ಇವ್ಳು.”

“ಉಂಡೆ ಕಣತ್ತೆಮ್ಮ, ನೀವು ನೋಡ್ಲಿಲ್ಲ ಅಷ್ಟೆ,” ಎಂದಳು ಸೊಸೆ, ಕಡಸಿನ ಕಿವಿಯ ಹಿಂದೆ ಕೆರೆಯುತ್ತ. “ಕಜ್ಜಿ ಹತ್ತಿರೋದನ್ನ ಸಂತೇಲಿ ಯಾರು ಸಾಕಕ್ಕೆ ಕೊಳ್ತಾರೆ? ಯಾರು ಕೊಳ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.”

ಅತ್ತೆ ಎಲೆ ಮಡಿಸಿ ಬಾಯಿಗಿಟ್ಟುಕೊಂಡರು. “ಶಿವರಾತ್ರಿ ಕಳೀಲಿ,” ಎಂದರು. “ಅಷ್ಟ್ರೊಳಗೆ ಮೈ ವಾಸಿ ಆದ್ರೆ ಇರ್ಲಿ. ಇಲ್ದಿದ್ರೆ ಅದ್ರ ಮಾರ್ನೇ ಸಂತೆಗೆ. ನನ್ ಮುಂದೆ ಆಮ್ಯಾಕೆ ಅಳಂಗಿಲ್ಲ.”

ಸೊಸೆಯ ಗಂಡ ಅಲ್ಲೇ ಕಂಬಕ್ಕೊರಗಿ ನಿಂತಿದ್ದ. ತಾಯಿಯ ಮಾತಿಗೂ ಹೂಂ, ಹೆಂಡತಿಯ ಮಾತಿಗೂ ಹೂಂ ಎನ್ನುವ ಸಾಧು ಮನುಷ್ಯ. ಈಗಲೂ ಹೂಂ ಎಂದ.

ಮಾಡಬಹುದಾದ ಮಾಮೂಲು ಮದ್ದನ್ನೆಲ್ಲ ನಾನು ಮೊದಲು ಯೋಚಿಸಿದೆ. ಗಂಧಕದ ಮುಲಾಮು ಹಚ್ಚಿಸಿದೆ. ಅಷ್ಟು ದಪ್ಪಗಟ್ಟಿದ ಚರ್ಮದೊಳಕ್ಕೆ ಅದು ಇಳಿಯಲಿಲ್ಲ. ಇನ್ನುಳಿದದ್ದು ಹುಳ ಕೊಲ್ಲುವ ವಿಷದ ಪುಡಿಗಳು. ಅದರ ಮಾತೆತ್ತಿದ ಕೂಡಲೇ ಸೊಸೆ ಕೈಮುಗಿದಳು. ಪಕ್ಕದ ತೋಟದವರು ಬೆಳೆಗೆ ಹೊಡೆಯುವ ಪುಡಿಯನ್ನು ತಾವೇ ನೀರಿಗೆ ಕಲಸಿ ತಮ್ಮ ಹಸುವಿಗೆ ಬಳಿದಿದ್ದರು. ಅದು ಮೈ ನೆಕ್ಕಿಕೊಂಡು ಸಂಜೆಯೊಳಗೆ ಸೆಟೆದು ಬಿದ್ದಿತ್ತು. ಆಕೆ ಅದನ್ನು ಕಣ್ಣಾರೆ ಕಂಡಿದ್ದಳು. “ನೆಕ್ಕಿದ್ರೆ ಸಾಯೋ ಔಷ್ದಿ ಬ್ಯಾಡಿ ಡಾಕ್ಟ್ರೇ. ಬ್ಯಾರೆ ಏನಾದ್ರೂ ನೋಡಿ,” ಎಂದಳು. ಹದವಾಗಿ ಕಲಸಿದರೆ ಅಷ್ಟು ಅಪಾಯವಿಲ್ಲ ಎಂದು ಹೇಳಬಹುದಿತ್ತು. ಗಬ್ಬದ ಕಡಸು, ನೆಕ್ಕುವ ಚಟ ಬೇರೆ. ಹೇಳುವ ಧೈರ್ಯ ನನಗೂ ಬರಲಿಲ್ಲ.

ಬೇರೆ ಏನಾದರೂ ಎಂದಾಗ ನೆನಪಾದವನು ತಿಪಟೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ನನ್ನ ಗೆಳೆಯ. ಅವನಿಗೆ ಗಿಡಗಳ ಸುವಾಸನೆಯ ಎಣ್ಣೆ ಇಳಿಸುವ ಹುಚ್ಚು. ತುಳಸಿ, ಓಮ, ನೀಲಗಿರಿ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬೇಯಿಸಿ ಸೀಸೆಗಿಳಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡಿದ್ದ. ಇಂಥ ಎಣ್ಣೆಗಳು ಮೈಮೇಲಿನ ಪರೋಪಜೀವಿಗಳನ್ನು ಕೊಲ್ಲಬಹುದೆಂದು ಎಲ್ಲೋ ಓದಿದ್ದ. ಕೊಂದು ನೋಡಲು ಅವನ ಬಳಿ ಜೀವಿಗಳಿರಲಿಲ್ಲ.

“ಲೇ, ಹುಳ ನಂದು, ಎಣ್ಣೆ ನಿಂದು,” ಎಂದೆ.

“ಯಾವತ್ತಾದ್ರೂ ಒಳ್ಳೇದು ತಂದಿದ್ಯೇನಯ್ಯಾ ನೀನು? ಹೋದ್ಸಲ ಬಂದಾಗ ಸಗಣಿ ತಂದಿದ್ದೆ,” ಎಂದು ಬೈಯುತ್ತಲೇ ಕುರ್ಚಿಯಿಂದ ಎದ್ದ.

ಕೆಂಪಿಯ ಕುತ್ತಿಗೆಯ ಕಜ್ಜಿಯ ಅಂಚನ್ನು ಮೊಂಡು ಅಲಗಿನಿಂದ, ರಕ್ತ ಜಿನುಗುವ ತನಕ ಕೆರೆದು, ಆ ಹೊಟ್ಟನ್ನು ಗಾಜಿನ ಬಿರಡೆಯ ಸೀಸೆಯಲ್ಲಿ ತಂದೆ. ಕಜ್ಜಿ ತರುವ, ಬರಿಗಣ್ಣಿಗೆ ಕಾಣದ ನುಸಿ ಇರುವುದು ಅಂಚಿನಲ್ಲೇ. ನಡುವಿನ ಸತ್ತ ಚರ್ಮದಲ್ಲಿ ಹುಡುಕಿದರೆ ಸಿಗುವುದಿಲ್ಲ. ಸೊಸೆಯೂ ಆಸ್ಪತ್ರೆಗೆ ಬಂದಿದ್ದಳು. ಬಿಸಿಲಿಗೆ ಕನ್ನಡಿ ತಿರುಗಿಸಿ ಸೂಕ್ಷ್ಮದರ್ಶಕದಲ್ಲಿ ಒಂದು ನುಸಿಯನ್ನು ಹಿಡಿದು ನಿಲ್ಲಿಸಿ, ನೋಡಮ್ಮ ಎಂದೆ. ಆಕೆ ಒಂದು ಕಣ್ಣು ಮುಚ್ಚಿ ಬಗ್ಗಿದವಳು ಹಾವು ಕಂಡವಳಂತೆ ಹಿಂದಕ್ಕೆ ಸರಿದಳು.

“ಅಯ್ಯಪ್ಪಾ, ಕಾಲಾಡಿಸ್ತೈತೆ! ಆಮೆ ಇದ್ದಂಗೈತಲ್ರೀ! ಇಂಥವು ಎಷ್ಟವೆ ನನ್ ಕೆಂಪಿ ಮೈಮ್ಯಾಲೆ?”

“ಎಣಿಸೋದು ಬೇಡ, ಕಳಿಸೋದನ್ನ ನೋಡೋಣ,” ಎಂದೆ.

ಗಾಜಿನ ತಟ್ಟೆಯ ಗುಳಿಗಳಲ್ಲಿ ಜೀವಂತ ನುಸಿಗಳನ್ನು ಸೂಜಿಯ ತುದಿಯಿಂದ ಬಿಟ್ಟು, ಒಂದೊಂದು ಗುಳಿಗೆ ಒಂದೊಂದು ಎಣ್ಣೆಯನ್ನು ತೆಳುಮಾಡಿ ಹನಿಸಿದೆವು. ಒಂದು ಗುಳಿಗೆ, ತೆಳುಮಾಡಲು ಬಳಸಿದ ವಾಸನೆಯಿಲ್ಲದ ತೈಲವನ್ನಷ್ಟೇ, ಏನೂ ಬೆರೆಸದೆ. ಹೋಲಿಸಿ ನೋಡಲು ಅದು ಬೇಕೇ ಬೇಕು. ನೀಲಗಿರಿಯಲ್ಲಿ ನುಸಿಗಳು ಮಂಕಾದವು, ಮತ್ತೆ ಕಾಲಾಡಿಸಿದವು. ತುಳಸಿಯಲ್ಲಿ ಬಹಳ ಹೊತ್ತು ತೆವಳಾಡಿದವು. ನಿಂಬೆಹುಲ್ಲಿನ ಎಣ್ಣೆಯಲ್ಲಿ ಮಾತ್ರ, ನಾವು ಕಾಫಿ ಕುಡಿದು ಬರುವಷ್ಟರಲ್ಲಿ, ಕಾಲು ಮಡಚಿ ಸುಮ್ಮನಾಗಿದ್ದವು. ಬರೀ ತೈಲದವು ಮರುದಿನವೂ ಓಡಾಡುತ್ತಿದ್ದವು. ನಮ್ಮ ಕಡೆ ಮಜ್ಜಿಗೆಹುಲ್ಲು ಎನ್ನುತ್ತೇವಲ್ಲ, ಕಷಾಯಕ್ಕೂ ಮಜ್ಜಿಗೆಗೂ ಹಾಕುವ ಆ ಹುಲ್ಲೇ ಇದು. ಗೆಳೆಯನಿಗೆ ಅಂದು ಊಟ ಸೇರಲಿಲ್ಲ, ಅಷ್ಟು ಸಂತೋಷ.

ಗಾಜಿನ ತಟ್ಟೆಯೇ ಬೇರೆ, ಹಸುವಿನ ಮೈಯೇ ಬೇರೆ. ಅದು ತಿಳಿಯಲು ಇನ್ನೂ ಸಮಯವಿತ್ತು.

ಅರಳಗುಪ್ಪೆ ಹತ್ತಿರದ ಅವನ ತೋಟದ ಬದುಗಳಲ್ಲಿ ಮಜ್ಜಿಗೆಹುಲ್ಲು ಸೊಂಪಾಗಿತ್ತು. ಹೊರೆ ಕಟ್ಟಿ ಬಸ್ಸಿನ ಟಾಪಿಗೇರಿಸಿ ತಂದ. ಕಂಡಕ್ಟರು, “ಏನ್ ಮೇಷ್ಟ್ರೇ, ಹಸು ಕಟ್ಟಿದ್ರಾ?” ಎಂದು ಕೇಳಿದನಂತೆ. ಕಾಲೇಜಿನ ಗಾಜಿನ ಸಾಮಾನಿನಲ್ಲಿ ಇಳಿಯುವ ಹನಿಗಳು ಒಂದು ಬೆಕ್ಕಿನ ಮೈಗೂ ಸಾಲುವಂತಿರಲಿಲ್ಲ. ಹೀಗಾಗಿ ಸೊಸೆಯ ತೋಟದ ಪಂಪ್ ಮನೆಯ ಮುಂದೆ ಒಲೆ ಹೂಡಿ ಹಳೆಯ ಹಾಲಿನ ಕ್ಯಾನನ್ನೇ ಅದರ ಮೇಲಿಟ್ಟೆವು. ತಳದಲ್ಲಿ ನೀರು, ಅದರ ಮೇಲೆ ಬಿದಿರಿನ ತಟ್ಟಿ, ತಟ್ಟಿಯ ಮೇಲೆ ಕತ್ತರಿಸಿದ ಹುಲ್ಲು. ಹುಲ್ಲು ನೀರಿಗೆ ತಾಗಬಾರದು, ಬರೀ ಹಬೆ ತಾಗಬೇಕು. ಮುಚ್ಚಳದಿಂದ ಹೊರಟ ತಾಮ್ರದ ಕೊಳವೆಯನ್ನು ಸುರುಳಿ ಮಾಡಿ ಪಂಪಿನ ನೀರು ಬೀಳುವ ತೊಟ್ಟಿಯಲ್ಲಿ ಮುಳುಗಿಸಿದೆವು. ಒಲೆಗೆ ತೆಂಗಿನ ಗರಿ, ಮಟ್ಟೆ, ಕರಟ. ಅದಕ್ಕೆ ಆ ಸೀಮೆಯಲ್ಲಿ ಬರವೇ ಇಲ್ಲ.

ಮುಚ್ಚಳದ ಸಂದಿಗೆ ಗೆಳೆಯ ಸುಣ್ಣ ಮೆತ್ತಿದ. ಅದು ಬಿರಿದು ಹಬೆಯೆಲ್ಲ ತೋಟದ ಪಾಲಾಯಿತು. ಮತ್ತೆ ಗೋಧಿಹಿಟ್ಟು ಮೆತ್ತಿದ, ಅದೂ ಬಿರಿಯಿತು. ಕೊನೆಗೆ ರಾಗಿಹಿಟ್ಟನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ಕಲಸಿ, ಹಳೆಯ ಪಂಚೆಯ ಚೂರಿಗೆ ಬಳಿದು ಸುತ್ತಿದೆವು. ಅದು ನಿಂತಿತು. ಕೊಳವೆಯ ತುದಿಯಿಂದ ಮೊದಲು ನೀರು ತೊಟ್ಟಿಕ್ಕಿತು, ಆಮೇಲೆ ನೀರಿನ ಮೇಲೆ ತೆಳು ಹಳದಿಯ ಪೊರೆ ತೇಲಿತು. ಹೊರೆ ಹುಲ್ಲಿಗೆ ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ಸೀಸೆ ಎಣ್ಣೆ. ಅತ್ತೆ ಬಂದು ಮೂಸಿ, “ಇಷ್ಟಕ್ಕೆ ಇಷ್ಟೊಂದು ಗರಿ ಉರಿಸಿದ್ರಾ?” ಎಂದು ಹೋದರು.

ಮೊದಲು ಆಸ್ಪತ್ರೆಯ ಅಂಗಳದ ಕಜ್ಜಿ ನಾಯಿಯ ಮೇಲೆ, ಆಮೇಲೆ ಕೆಂಪಿಯ ಮೈಯಲ್ಲಿ ಅಂಗೈಯಗಲ ಜಾಗಕ್ಕೆ ಹಚ್ಚಿ ನೋಡಿ, ಸುಡಲಿಲ್ಲ ಎಂದು ಖಾತ್ರಿಯಾದ ಮೇಲೆ ಮುಂದುವರಿದೆ. ಸೋಪಿನ ನೀರಿಗೆ ಎಣ್ಣೆ ಹಾಕಿ ಹಾಲಿನಂತಾಗುವ ತನಕ ಕುಲುಕಿ, ಕೊಟ್ಟಿಗೆಯಲ್ಲೇ ಕಡಸಿನ ಮೈಗೆಲ್ಲ ಹಚ್ಚಿದೆವು. ಆ ಸಂಜೆ ಕೆಂಪಿ ಮೈ ಉಜ್ಜಲಿಲ್ಲ. ಸೊಸೆಯ ಮುಖ ನೋಡಬೇಕಿತ್ತು. ಎರಡು ದಿನ ಕಳೆಯುವುದರೊಳಗೆ ಮತ್ತೆ ಮರಕ್ಕೆ ಉಜ್ಜತೊಡಗಿತು. ಕೆರೆದು ನೋಡಿದರೆ ನುಸಿಗಳು ಆರಾಮಾಗಿ ಓಡಾಡುತ್ತಿದ್ದವು.

ಸಾಲದಿದ್ದರೆ ಇನ್ನಷ್ಟು ಎಂದುಕೊಂಡು ನಾನು ಎಣ್ಣೆಯ ಪಾಲು ಏರಿಸಿದೆ. ಚರ್ಮ ಕೆಂಪಗಾಗಿ ಸಿಪ್ಪೆ ಎದ್ದಿತು. ಕಡಸು ನನ್ನನ್ನು ಕಂಡರೆ ಹಗ್ಗ ಎಳೆಯತೊಡಗಿತು. ಸೊಸೆ ಬೈಯಲಿಲ್ಲ. “ಉರೀತೈತೆ ಅದುಕ್ಕೆ,” ಎಂದಷ್ಟೇ ಹೇಳಿ ಒದ್ದೆ ಬಟ್ಟೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು. ಕಡಿಮೆ ಹಾಕಿದರೆ ನಾಟುವುದಿಲ್ಲ, ಹೆಚ್ಚು ಹಾಕಿದರೆ ಸುಡುತ್ತದೆ. ಶಿವರಾತ್ರಿ ಹತ್ತಿರವಾಗುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಸೈಕಲ್ಲು ನಿಲ್ಲಿಸಿ ಒಳಗೆ ಹೋದರೆ ಅಂಗಳದಲ್ಲಿ ಜಗಳ. ಇಲ್ಲಿ ಆ ಮನೆಯ ಕಟ್ಟಡದ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಸೀಮೆಯ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಆಗುವುದಲ್ಲ. ಬಲಿತ ಕಾಯಿಯನ್ನು ಇಡಿಯಾಗಿ ಅಟ್ಟದ ಮೇಲೆ ಒಟ್ಟಿ ಹೆಚ್ಚುಕಡಿಮೆ ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಆ ಅಟ್ಟದ ಕೆಳಗೇ ಕೊಟ್ಟಿಗೆ. ದನಗಳ ಮೈಯ ಬಿಸಿ ಮೇಲಕ್ಕೇರಿ ಕಾಯಿ ಬೆಚ್ಚಗಿರುತ್ತದೆ. ಸುಲಿದು ಒಡೆದ ಕೊಬ್ಬರಿಯನ್ನೂ ಮೂಟೆಗೆ ತುಂಬಿ ಬಾಯಿ ಹೊಲಿಯುವ ತನಕ ಕೊಟ್ಟಿಗೆಯ ಮೂಲೆಯಲ್ಲೇ ಇಡುತ್ತಾರೆ. ಅಂದು ಅಂಥದೊಂದು ಮೂಟೆಯ ಮುಂದೆ ತಿಪಟೂರಿನ ಕೊಬ್ಬರಿ ವ್ಯಾಪಾರಿ ಮೂಗು ಹಿಡಿದು ಕೂತಿದ್ದ.

“ಇದೇನ್ ಕಣಮ್ಮ, ಕೊಬ್ರಿಗೆ ಸೋಪ್ ಹಚ್ಚಿ ಸ್ನಾನ ಮಾಡಿಸಿದೀರಾ?” ಎಂದ ಅತ್ತೆಗೆ.

“ಬಿಸ್ಲಿಗೆ ಹಾಕುದ್ರೆ ಹೋಯ್ತದೆ ಕಣಪ್ಪ.”

“ಹೋದ್ ವಾರ ಬಂದಾಗ್ಲೂ ಅದ್ನೇ ಅಂದ್ರಿ. ಹಾಕಿದ್ರಿ ತಾನೇ? ಹೋಯ್ತಾ? ತಿಂದ್ರೆ ನಾಲ್ಗೆ ಮೇಲೂ ಅದೇ ವಾಸ್ನೆ. ಅಟ್ಟದ್ ಮ್ಯಾಲಿಂದು ಕೊಡಿ, ತಗೊಂಡ್ ಹೋಗ್ತೀನಿ. ಚಿಪ್ಪೊಳಗಿರೋದು ಚೊಕ್ಕವಾಗೈತೆ. ಈ ಮೂಟೆ ಮಾತ್ರ ನನಗ್ ಬ್ಯಾಡ.”

ಅತ್ತೆ ನನ್ನ ಕಡೆ ತಿರುಗಿದರು. “ಬನ್ನಿ ಡಾಕ್ಟ್ರೇ, ಬನ್ನಿ. ಹುಳ ಸಾಯಿಸ್ತೀನಿ ಅಂತ ಬಂದು ನನ್ ಕೊಬ್ರಿ ಸಾಯಿಸಿದ್ರಿ. ಹುಳ ಮಾತ್ರ ಗುಂಡುಕಲ್ಲಂಗವೆ.”

ನಾನು ತಲೆತಗ್ಗಿಸಿ ಒಂದು ಉಂಡೆ ಎತ್ತಿ ಮೂಸಿದೆ. ಮಜ್ಜಿಗೆಹುಲ್ಲು ಈಗ ತಾನೇ ಹಿಸುಕಿದಂತೆ ಘಮ್ಮೆಂದಿತು. ನಾನು ಹಿಂದಿನ ದಿನ ಬೆಳಗ್ಗೆ ಹಚ್ಚಿದ್ದ ಕಡಸಿನ ಬಳಿಗೆ ಹೋಗಿ ಮೂಸಿದೆ. ಸಗಣಿಯ ವಾಸನೆ ಬಿಟ್ಟರೆ ಮತ್ತೇನೂ ಇರಲಿಲ್ಲ. ಮತ್ತೆ ಕೊಬ್ಬರಿ ಮೂಸಿದೆ, ಮತ್ತೆ ಕಡಸಿನ ಕುತ್ತಿಗೆ. “ಡಾಕ್ಟ್ರಿಗೇನಾಯ್ತು?” ಎಂದ ವ್ಯಾಪಾರಿ.

ಆಗಿದ್ದು ಇಷ್ಟೇ. ನುಸಿ ಕೂತಿದ್ದ ಚರ್ಮದಿಂದ ಎಣ್ಣೆ ಹಾರಿಹೋಗುತ್ತಿತ್ತು. ಹಾರಿದ್ದು ಹೋಗಿ, ಯಾರೂ ಕರೆಯದ ಕೊಬ್ಬರಿಯೊಳಗೆ ಸೇರಿ, ಬಿಸಿಲಿಗೆ ಹಾಕಿದರೂ, ಜಪ್ಪಯ್ಯ ಅಂದರೂ ಹೋಗದೆ ಕೂತಿತ್ತು. ಗೆಳೆಯನಿಗೆ ಹೇಳಿದಾಗ ಅವನು ಹಣೆ ಬಡಿದುಕೊಂಡ. “ಸುವಾಸನೆ ಎಣ್ಣೆ ಜಿಡ್ಡಿನಲ್ಲಿ ಕರಗಿ ನಿಲ್ಲುತ್ತೆ ಅಂತ ಹುಡುಗರಿಗೆ ಬೋರ್ಡಿನ ಮೇಲೆ ಬರೀತೀನಿ ಕಣೋ ನಾನು. ಸೋಪಿನ ನೀರಲ್ಲಿ ಎಲ್ಲಿ ನಿಲ್ಲುತ್ತೆ? ಒಂದೇ ಸಲಕ್ಕೆ ಸುಟ್ಟು, ಒಂದೇ ಸಲಕ್ಕೆ ಹಾರಿಹೋಗಿದೆ. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿದ್ರೆ ನಿಧಾನವಾಗಿ ಬಿಡುತ್ತೆ, ಸುಡೋದಿಲ್ಲ.”

ತೆಂಗಿನ ಸೀಮೆಯಲ್ಲಿ ಕೂತು ಕೊಬ್ಬರಿ ಎಣ್ಣೆ ಯಾಕೆ ಹೊಳೆಯಲಿಲ್ಲ ಎಂದು ಹೊರಗಿನವರು ಕೇಳಿಯಾರು. ನಮ್ಮ ಕೊಬ್ಬರಿ ತಿನ್ನುವ ಕೊಬ್ಬರಿ. ಲಾರಿ ಹತ್ತಿ ದೂರದ ಊರುಗಳ ಹಬ್ಬಕ್ಕೆ, ಮದುವೆಗೆ ಹೋಗುವಂಥದು. ಗಾಣಕ್ಕೆ ಬೀಳುವುದು ಒಡೆದದ್ದು, ಬೂಸ್ಟು ಹಿಡಿದದ್ದು ಮಾತ್ರ, ಅದೂ ತಲೆಗೆ ಹಚ್ಚುವಷ್ಟು. ಒಳ್ಳೆಯ ಉಂಡೆಯನ್ನು ಗಾಣಕ್ಕೆ ಹಾಕಿ, ಆ ಎಣ್ಣೆಯನ್ನು ಬಟ್ಟಲುಗಟ್ಟಲೆ ದನದ ಮೈಗೆ ಸುರಿಯುವುದು ಇಲ್ಲಿ ಹುಟ್ಟಿದ ಯಾರ ತಲೆಗೂ ಬರುವಂಥ ಯೋಚನೆಯಲ್ಲ. ನಾನೂ ಇಲ್ಲೇ ಹುಟ್ಟಿದವನು.

ವಿಷಯವನ್ನು ಜಗಲಿಯ ಮೇಲೆ ಮೆಲ್ಲಗೆ ಬಿಚ್ಚಿಟ್ಟಾಗ ಅತ್ತೆ ಕೂತಲ್ಲಿಂದ ಎದ್ದೇಬಿಟ್ಟರು.

“ಉಂಡೆ ಕೊಬ್ರೀನ ಗಾಣಕ್ಕಾ? ನಮ್ ಮಾವನವ್ರ ಕಾಲ್ದಿಂದ ಈ ಮನೇಲಿ ಅಂಥ ಕೆಲ್ಸ ಆಗಿಲ್ಲ. ದನದ ಬೆನ್ನಿಗೆ ಬಳ್ಯಕ್ಕೆ ಬೆಳೆದ್ವಾ ನಾವು?”

ಗಂಡ ಹೂಂ ಎಂದ. ನಾನು ಚೀಲ ಹೆಗಲಿಗೇರಿಸಿದೆ. ಮೇಲೆ ಬಿದ್ದು ಒತ್ತಾಯ ಮಾಡುವ ಮಾತಲ್ಲ ಅದು. ಆಗ ಸೊಸೆ ಕೊಟ್ಟಿಗೆಗೆ ಹೋಗಿ ಆ ಮೂಟೆಯನ್ನು ಅಂಗಳಕ್ಕೆ ಎಳೆದು ತಂದಳು.

“ಅತ್ತೆಮ್ಮ, ಇದನ್ನ ತಿನ್ನೋರಿಲ್ಲ, ಕೊಳ್ಳೋರಿಲ್ಲ. ಯಾಪಾರಿ ಬ್ಯಾಡ ಅಂದ್ಮ್ಯಾಲೆ ಇದು ಕೊಬ್ರಿ ಅಲ್ಲ, ಔಷ್ದಿ. ಅಟ್ಟದ್ ಮ್ಯಾಲಿಂದ ಒಂದೇ ಒಂದು ಕಾಯಿ ಮುಟ್ಟಲ್ಲ. ಕೆಂಪೀನ ಪಂಪ್ ಮನೇಲಿ ಕಟ್ತೀನಿ, ಅದ್ರ ವಾಸ್ನೆ ಇತ್ಲಾಗ್ ಬರಲ್ಲ. ಶಿವರಾತ್ರಿಗೆ ಸರಿಹೋಗ್ಲಿಲ್ವಾ, ಸಂತೆಗೆ ಹಗ್ಗ ನಾನೇ ಹಿಡ್ಕಂಡ್ ಹೋಯ್ತೀನಿ. ಅಳಲ್ಲ.”

ಆಕೆ ಅಷ್ಟು ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು. ಅತ್ತೆಯೂ ಹಾಗೇ ಇರಬೇಕು. ಮೂಟೆಯನ್ನೊಮ್ಮೆ ಮೂಸಿ, “ಗಾಣದೋನು ಕೇಳುದ್ರೆ ನಮ್ಮನೇದು ಅನ್ಬ್ಯಾಡ,” ಎಂದು ಒಳಗೆ ಹೋದರು. ಗಂಡ ಹೂಂ ಎಂದು ಮೂಟೆಯನ್ನು ಗಾಡಿಗೆ ಎತ್ತಿದ.

ಕಂದಿಕೆರೆ ಕಡೆ ಎತ್ತಿನ ಗಾಣ ಇನ್ನೂ ತಿರುಗುತ್ತಿತ್ತು. ಗಾಣದವನು ಮೂಟೆಯ ಬಾಯಿ ಬಿಚ್ಚಿ ಉಂಡೆಗಳನ್ನು ನೋಡಿ, ನಮ್ಮನ್ನು ನೋಡಿ, “ಮನೇಲೆಲ್ಲ ಸರಿಯಾಗಿದೀರಾ ತಾನೇ?” ಎಂದು ಕೇಳಿದ. ಎಣ್ಣೆ ಇಳಿಯತೊಡಗಿದಾಗ ಗಾಣದ ಸುತ್ತಲೂ ಮಜ್ಜಿಗೆಹುಲ್ಲಿನ ಘಮ. “ಇದ್ನ ಮದುವಣಗಿತ್ತಿ ತಲೆಗೆ ಹಾಕ್ಬೈದು,” ಎಂದ.

ಎಣ್ಣೆಯನ್ನು ಬೆಚ್ಚಗೆ ಮಾಡಿ, ಒಲೆಯಿಂದ ಇಳಿಸಿ ಆರಿದ ಮೇಲೆ, ಹೊಸದಾಗಿ ಇಳಿಸಿದ ಹುಲ್ಲಿನೆಣ್ಣೆಯನ್ನು ಬೆರೆಸಿದೆವು. ಚರ್ಮ ಸುಟ್ಟ ಸಲಕ್ಕಿಂತ ಎಷ್ಟೋ ಕಡಿಮೆ ಪಾಲು. ಹಚ್ಚುವ ಮುಂಚೆ ಕಜ್ಜಿಯ ಹೊಟ್ಟನ್ನು ಸೀಗೆಪುಡಿಯಿಂದ ಉಜ್ಜಿ ತೊಳೆದು ಒಣಗಿಸಬೇಕು. ಇಲ್ಲವಾದರೆ ಎಣ್ಣೆ ಹೊಟ್ಟಿನ ಮೇಲೇ ನಿಲ್ಲುತ್ತದೆ. ಮೊದಲ ವಾರ ಕುತ್ತಿಗೆಯ ಬಲಕ್ಕೆ ಈ ಔಷಧಿ, ಎಡಕ್ಕೆ ಬೇರೆಯವರ ಮನೆಯಿಂದ ತಂದ, ಹುಲ್ಲಿನ ವಾಸನೆ ಹತ್ತದ ಬರೀ ಕೊಬ್ಬರಿ ಎಣ್ಣೆ ಹಚ್ಚಿದೆ. ಗುಣವಾದರೆ ಯಾವುದರಿಂದ ಎಂದು ತಿಳಿಯಬೇಕಲ್ಲ. ಸೊಸೆಗೆ ಸಿಟ್ಟು ಬಂತು.

“ಎಡಗಡೆ ಏನ್ ಪಾಪ ಮಾಡೈತೆ ಡಾಕ್ಟ್ರೇ?”

“ಏನೂ ಮಾಡಿಲ್ಲ ತಾಯಿ. ಅದು ಸಾಕ್ಷಿ ಹೇಳಬೇಕು, ಅದಕ್ಕೆ.”

“ಸಾಕ್ಷಿಗೂ ಕಡಿತ ಐತಲ್ಲ,” ಎಂದಳು.

ವಾರದ ಕೊನೆಗೆ ಎರಡೂ ಕಡೆ ಕೆರೆದು ನೋಡಿದೆ. ಎಡಗಡೆ ಚರ್ಮ ಮೆತ್ತಗಾಗಿತ್ತು, ನುಸಿಗಳು ಮಾತ್ರ ಬದುಕಿದ್ದವು. ಬಲಗಡೆ ಕಾಲು ಮಡಚಿದ ಸತ್ತ ನುಸಿಗಳು, ಜೊತೆಗೆ ಒಂದಷ್ಟು ಮೊಟ್ಟೆ. ಈ ಎಣ್ಣೆ ಮೊಟ್ಟೆಗೆ ನಾಟುವುದಿಲ್ಲ ಎಂದು ಆಗ ಗೊತ್ತಾಯಿತು. ಮರಿಯೊಡೆದವು ಮತ್ತೆ ಮೊಟ್ಟೆಯಿಡುವ ಮುಂಚೆ ಮತ್ತೊಮ್ಮೆ, ಮಗದೊಮ್ಮೆ ಹಚ್ಚಬೇಕು. ಈ ಸಲ ಎರಡೂ ಕಡೆ ಹಚ್ಚಿದೆವು. ಕೊಟ್ಟಿಗೆಯ ಹಳೆಯ ಹುಲ್ಲು ಸುಟ್ಟು, ಗೋಡೆಗೆ ಸುಣ್ಣ ಬಳಿಸಿ, ಹಗ್ಗ ಬದಲಾಯಿಸಿದೆವು. ಕೆಂಪಿ ಉಜ್ಜುತ್ತಿದ್ದ ತೆಂಗಿನ ಬುಡಕ್ಕೂ ಸುಣ್ಣ ಬಿತ್ತು. ಚಿರತೆಯ ಭಯಕ್ಕೆ ಗಂಡ ಪಂಪ್ ಮನೆಯಲ್ಲೇ ಮಲಗುತ್ತಿದ್ದ. ಅವನು ಶೆಟ್ಟಿಕೆರೆ ಬಸ್ಸು ಹತ್ತಿದರೆ ಜನ ಮಜ್ಜಿಗೆ ಎಲ್ಲಿ ಎಂದು ಹುಡುಕುತ್ತಿದ್ದರಂತೆ.

ಮೊದಲು ನಿಂತದ್ದು ಉಜ್ಜುವುದು. ಆಮೇಲೆ ಮೇವಿಗೆ ಬಾಯಿ ಹಾಕಿತು. ಕೆಂಪಿ ಮೈ ನೆಕ್ಕಿಕೊಂಡರೂ ಏನೂ ಆಗಲಿಲ್ಲ. ಆ ರುಚಿಗೆ ಮೂತಿ ತಿರುವುತ್ತಿತ್ತು, ಅಷ್ಟೆ. ಒಂದು ದಿನ ಸೊಸೆ ನನ್ನ ಕೈ ಹಿಡಿದು ಕಡಸಿನ ಕುತ್ತಿಗೆಯ ಮೇಲೆ ಒತ್ತಿದಳು. ಕಣ್ಣಿಗಿನ್ನೂ ಕಾಣದ, ಬೆರಳಿಗೆ ಮಾತ್ರ ತಿಳಿಯುವ ಚಿಗುರು ಕೂದಲು.

ಒಂದು ಕಡಸು, ಒಂದು ನಾಯಿ, ಆಮೇಲೆ ಅಕ್ಕಪಕ್ಕದ ನಾಲ್ಕಾರು ಕುರಿ. ಇಷ್ಟರಿಂದ ಮದ್ದು ಸಿಕ್ಕಿತು ಎಂದು ಸಾರುವ ಹಾಗಿಲ್ಲ. ತೊಳೆದದ್ದು, ಸುಣ್ಣ ಬಳಿದದ್ದು, ಚಳಿಗಾಲ ಮುಗಿದದ್ದು, ಇವುಗಳ ಪಾಲೆಷ್ಟು, ಹುಲ್ಲಿನ ಪಾಲೆಷ್ಟು ಎಂದು ಇಂದಿಗೂ ಬಿಡಿಸಿ ಹೇಳಲಾರೆ. ನಮಗೂ ಅದಕ್ಕಿಂತ ಮುಂದೆ ಹೋಗಲು ಸಾಮಾನಿರಲಿಲ್ಲ. ಎಡಗಡೆಯ ಸಾಕ್ಷಿಯನ್ನು ಮಾತ್ರ ಮರೆತಿಲ್ಲ.

ಶಿವರಾತ್ರಿಯ ಉಪವಾಸ ಮುಗಿದ ಬೆಳಗ್ಗೆ ಸೊಸೆ ಆಸ್ಪತ್ರೆಗೆ ಬಂದಳು. ಈ ಸಲ ಅತ್ತೆಯನ್ನೂ ಗಾಡಿಯಲ್ಲಿ ಕರೆತಂದಿದ್ದಳು. ನಾನು ಅಂದು ಆಸ್ಪತ್ರೆಗೆ ಬರುವ ದಾರಿಯಲ್ಲೇ ಅವರ ತೋಟಕ್ಕೆ ಹೋಗಿ ಕೆಂಪಿಯನ್ನು ಐದಾರು ಕಡೆ ಕೆರೆದು ತಂದಿದ್ದೆ. ಒಂದೊಂದಾಗಿ ಗಾಜಿಗೆ ಹಾಕಿ, ಬೆಚ್ಚಗೆ ಮಾಡಿ, ಈ ತುದಿಯಿಂದ ಆ ತುದಿಯ ತನಕ ಹುಡುಕಿದೆ. ಮೊಟ್ಟೆಯೂ ಇಲ್ಲ, ನುಸಿಯೂ ಇಲ್ಲ. ಒಂದೆರಡು ಎಣ್ಣೆಯ ಹನಿ ಬಿಸಿಲಿಗೆ ಹೊಳೆಯುತ್ತಿದ್ದವು. ಸೊಸೆ ಬಗ್ಗಿ ಬಹಳ ಹೊತ್ತು ನೋಡಿದಳು. ಎದ್ದು ಸೆರಗಿನಿಂದ ಕಣ್ಣೊರೆಸಿಕೊಂಡು ಅತ್ತೆಗೆ ಜಾಗ ಬಿಟ್ಟಳು.

ಅತ್ತೆ ಒಂದು ಕಣ್ಣು ಮುಚ್ಚಿದರು, ಆಮೇಲೆ ಇನ್ನೊಂದು. ಮೇಜು ಹಿಡಿದುಕೊಂಡಿದ್ದ ಅವರ ಕೈಯಿಂದ ಮಜ್ಜಿಗೆಹುಲ್ಲಿನ ವಾಸನೆ ಬರುತ್ತಿತ್ತು. ತುರಿಕೆಯ ಗುರುತೂ ಇರಲಿಲ್ಲ. ನಾನು ನೋಡಿದ್ದನ್ನು ಕಂಡು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

“ಏನೂ ಇಲ್ವಲ್ಲೇ ಇದ್ರಲ್ಲಿ!”

“ಹೂಂ ಅತ್ತೆಮ್ಮ. ಏನೂ ಇಲ್ಲ.”

“ಏನೂ ಇಲ್ದಿರೋದ್ನ ನೋಡಕ್ಕೆ ಇಷ್ಟ್ ದೂರ ಗಾಡಿ ಹೂಡಿಸ್ದಾ ನೀನು?” ಎಂದು ಗದರಿದ ಆ ತಾಯಿ, ಮತ್ತೊಮ್ಮೆ ಬಗ್ಗಿ, ಇನ್ನಷ್ಟು ಹೊತ್ತು ನೋಡಿದರು.